ಟಿಟಿ ಆಯ್ತಾ ಎಂದು ಕೇಳಿದ್ದೆ

ನಾನು ಕೆಲಸದಿಂದ ನಿವೃತ್ತಳಾದ ಮರುವರ್ಷದ ಬೇಸಿಗೆಯಲ್ಲಿ ನನ್ನ ತಮ್ಮನ ಮಗನ ಮದುವೆ ನಡೆಯಿತು. ಶಿವಮೊಗ್ಗದ ವಿದ್ಯಾನಗರದಲ್ಲಿ, ನನ್ನ ಮನೆಯಿಂದ ಎರಡು ಬೀದಿ ಆಚೆಗಿರುವ ಕಲ್ಯಾಣಮಂಟಪದಲ್ಲಿ. ಮೂವತ್ತಮೂರು ವರ್ಷ ನರ್ಸ್ ಆಗಿದ್ದವಳು ನಾನು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಕಳೆದದ್ದು ಡ್ರೆಸ್ಸಿಂಗ್ ರೂಮಿನಲ್ಲಿ. ಗಾಯ ಕಟ್ಟುವುದರಲ್ಲಿ ನನ್ನ ಕೈ ಒಳ್ಳೆಯದು ಎಂದು ಡಾಕ್ಟರುಗಳೇ ಹೇಳುತ್ತಿದ್ದರು. ಕೇಳಿ ಕೇಳಿ ನನಗೂ ಸ್ವಲ್ಪ ಜಂಬ ಬಂದಿತ್ತು. ಇದು ಆ ಜಂಬದ ಕಥೆಯೇ. ಬರೆದು ಹೇಳಿಕೊಳ್ಳುವ ಧೈರ್ಯ ಬರಲು ಇಷ್ಟು ದಿನ ಹಿಡಿಯಿತು.

ಹುಡುಗನಿಗೆ ಕುದುರೆ ಮೇಲೆ ಕೂತು ಮಂಟಪಕ್ಕೆ ಬರಬೇಕೆಂಬ ಆಸೆ ಹುಟ್ಟಿತ್ತು. ಕುದುರೆ ಕಂಡರೆ ಕಾಲುನೋವು ಎಂದು ನಾವೆಲ್ಲ ಅವನನ್ನು ರೇಗಿಸಿದೆವು, ಆದರೂ ಅವನು ಬಿಡಲಿಲ್ಲ. ಕೊನೆಗೆ ಭದ್ರಾವತಿ ಹಳೇನಗರದ ಬುಡನ್ ಸಾಬ್ರು ತಮ್ಮ ಬಿಳಿ ಕುದುರೆಯನ್ನು ಕರೆದುಕೊಂಡು ಬಂದರು. ಅವರ ತಂದೆ ಜಟಕಾ ಓಡಿಸುತ್ತಿದ್ದವರು. ಜಟಕಾ ಹೋದ ಮೇಲೆ ಇವರು ಮದುವೆ ಮೆರವಣಿಗೆಗಳಿಗೆ ಕುದುರೆ ತರುವ ಕೆಲಸ ಹಿಡಿದಿದ್ದರು. ವಯಸ್ಸು ಐವತ್ತೈದರ ಆಸುಪಾಸು, ಮಾತು ಕಡಿಮೆ. ಕುದುರೆಯ ಹೆಸರು ಮೋತಿ. ಎಂಟು ವರ್ಷದಿಂದ ಆ ಮನೆಯ ಅನ್ನ ಅದರಿಂದಲೇ ನಡೆಯುತ್ತಿತ್ತು. ಮಕ್ಕಳಿಲ್ಲದ ಆ ಗಂಡ ಹೆಂಡತಿಗೆ ಅದು ಅನ್ನಕ್ಕಿಂತ ಹೆಚ್ಚಿನದು ಎಂದು ನನಗೆ ಗೊತ್ತಾದದ್ದು ಆಮೇಲೆ.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೆರವಣಿಗೆ ಮಂಟಪ ತಲುಪಿತು. ಹುಡುಗ ಕೆಳಗಿಳಿದ. ಅವನ ಸ್ನೇಹಿತರು ಅದೇ ಗಳಿಗೆಗೆ ಕಾದಿದ್ದವರಂತೆ ಬಾಗಿಲಲ್ಲೇ ಪಟಾಕಿ ಸರಕ್ಕೆ ಬೆಂಕಿ ಹಚ್ಚಿದರು. ಮೋತಿ ಬೆದರಿ ಹಿಂದೆ ಹಿಂದೆ ಹೋಗಿ ಪಕ್ಕದ ಖಾಲಿ ಸೈಟಿನ ಮುಳ್ಳುತಂತಿ ಬೇಲಿಗೆ ಸಿಕ್ಕಿಕೊಂಡಿತು. ಕಿರುಚಾಟ ಕೇಳಿ ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಬುಡನ್ ಸಾಬ್ರು ತಂತಿ ಬಿಡಿಸಿ ಆಗಿತ್ತು. ಎಡ ಹಿಂಗಾಲಿನಲ್ಲಿ, ಗೊರಸಿನ ಮೇಲಿನ ಗಂಟಿಗೆ ಸ್ವಲ್ಪ ಮೇಲೆ, ಚರ್ಮ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ತಂತಿಗೆಲ್ಲ ತುಕ್ಕು ಹಿಡಿದಿತ್ತು.

ಸುತ್ತ ನಿಂತವರು ಒಬ್ಬೊಬ್ಬರು ಒಂದೊಂದು ಔಷಧಿ ಹೇಳತೊಡಗಿದರು. ಸುಣ್ಣ ಅರಿಸಿನ ಮೆತ್ತಿ ಎಂದರು ಒಬ್ಬರು. ಗ್ಯಾರೇಜಿನಿಂದ ಕರಿ ಆಯಿಲ್ ತಂದು ಸುರಿದರೆ ನೊಣ ಕೂರುವುದಿಲ್ಲ ಎಂದರು ಇನ್ನೊಬ್ಬರು. ಬುಡನ್ ಸಾಬ್ರು ಕುದುರೆಯ ಕುತ್ತಿಗೆ ತಬ್ಬಿಕೊಂಡು ನಿಂತಿದ್ದರು. ಕಾಲು ಹೋದ ಕುದುರೆಗೆ ಬದುಕಿಲ್ಲ ಎಂಬುದು ಅಲ್ಲಿದ್ದವರಲ್ಲಿ ಅವರೊಬ್ಬರಿಗೇ ಸರಿಯಾಗಿ ಗೊತ್ತಿದ್ದದ್ದು. ನನ್ನ ತಮ್ಮ, ದನದ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದ. ನಾನು ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಗಾಯ ಎಂದರೆ ಗಾಯ, ಮನುಷ್ಯರದ್ದಾದರೇನು ಕುದುರೆಯದ್ದಾದರೇನು, ನನ್ನ ಮನೆಗೆ ಕರೆತನ್ನಿ ಎಂದೆ. ನಾನು ಮಾತಿನಲ್ಲಿ ಸ್ವಲ್ಪ ಜೋರು. ಹಾಗಾಗಿ ಯಾರೂ ಎದುರಾಡಲಿಲ್ಲ.

ಮನೆ ಕಟ್ಟುವಾಗ ನಮ್ಮ ಯಜಮಾನರು ಆಸೆಪಟ್ಟು ಒಂದು ಕಾರ್ ಶೆಡ್ ಕಟ್ಟಿಸಿದ್ದರು. ಕಾರು ಕೊನೆಗೂ ಬರಲಿಲ್ಲ. ಅವರು ತೀರಿಕೊಂಡ ಮೇಲೆ ಅದರಲ್ಲಿ ಹಳೇ ಪೇಪರು, ಮುರಿದ ಕುರ್ಚಿಗಳು ತುಂಬಿಕೊಂಡಿದ್ದವು. ಅದನ್ನೆಲ್ಲ ಹೊರಗೆ ಹಾಕಿಸಿ ಮೋತಿಯನ್ನು ಅಲ್ಲಿ ಕಟ್ಟಿದೆವು. ಎರಡು ಬೀದಿ ನಡೆದು ಬರಲು ಅದು ಮುಕ್ಕಾಲು ಗಂಟೆ ತೆಗೆದುಕೊಂಡಿತು.

ಕುದುರೆಯ ಹತ್ತಿರ ಹೋಗುವುದು ಹೇಗೆಂದು ಬುಡನ್ ಸಾಬ್ರು ನನಗೆ ಹೇಳಿಕೊಟ್ಟರು. "ಹಿಂದಕ್ಕೆ ನಿಲ್ಲಬೇಡಿ ಸಿಸ್ಟರಮ್ಮ. ಬೆನ್ನ ಮೇಲೆ ಕೈ ಇಟ್ಕೊಂಡು ಹಾಗೇ ಸವರ್ತಾ ಕಾಲಿಗೆ ಬನ್ನಿ. ಕೈ ಮಾತ್ರ ತೆಗೀಬೇಡಿ. ಕೈ ತೆಗೆದ್ರೆ ಅವಳಿಗೆ ನೀವು ಎಲ್ಲಿದ್ದೀರ ಅಂತ ಗೊತ್ತಾಗಲ್ಲ, ಹೆದರ್ತಾಳೆ." ನಾನು ಹಾಗೆಯೇ ಮಾಡಿದೆ. ಗಾಯದ ಸುತ್ತಲಿನ ಕೂದಲು ಕತ್ತರಿಸಿದೆ. ಪೈಪಿನಿಂದ ತಣ್ಣೀರು ಬಿಟ್ಟು ಮಣ್ಣು ತೊಳೆದೆ, ಆಮೇಲೆ ಸಲೈನ್ ಬಾಟಲಿ ತೂತು ಮಾಡಿ ಒಳಗೆಲ್ಲ ಹಾಯಿಸಿದೆ. ಅಯೋಡಿನ್ ಹಚ್ಚಿ, ದಪ್ಪ ಹತ್ತಿ ಸುತ್ತಿ, ಬಟ್ಟೆ ಕಟ್ಟಿದೆ. ಕಟ್ಟಿನೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಬಿಟ್ಟೆ. ಎಲ್ಲ ಮುಗಿಯಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ಮೋತಿಯ ತಲೆಯನ್ನು ಎದೆಗೆ ಒತ್ತಿ ಹಿಡಿದು ಅದರ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು. ಅವರು ಮುಖದ ಕಡೆ, ನಾನು ಕಾಲಿನ ಕಡೆ. ಮುಂದಿನ ದಿನಗಳಲ್ಲೂ ನಾವಿಬ್ಬರೂ ನಿಂತದ್ದು ಹೀಗೆಯೇ.

ಆಮೇಲೆ ನಾನು ಕೈ ತೊಳೆದು, ಸೀರೆ ಬದಲಾಯಿಸಿ, ಮುಹೂರ್ತಕ್ಕೆ ಓಡಿದೆ. ಅಕ್ಷತೆ ಹಾಕಿ, ಊಟ ಮುಗಿಸಿ, ನೆಂಟರನ್ನು ಕಳಿಸಿ ಬರುವಷ್ಟರಲ್ಲಿ ಸಂಜೆಯಾಗಿತ್ತು.

ನನ್ನ ಜೊತೆ ಕೆಲಸ ಮಾಡಿದ್ದವರೊಬ್ಬರ ಮಗ ಪಶುವೈದ್ಯ. ಚಿಕ್ಕವನಿದ್ದಾಗಿನಿಂದ ನನಗೆ ಪರಿಚಯ. ಮಾರನೆಯ ದಿನ ಬೆಳಿಗ್ಗೆ ಅವನಿಗೆ ಫೋನ್ ಮಾಡಿದೆ. ಅವನು ಪರ ಊರಿನಲ್ಲಿದ್ದ, ಬರಲು ನಾಲ್ಕೈದು ದಿನ ಇತ್ತು. ಗಾಯದ ಫೋಟೋ ನೋಡಿ, ಕಟ್ಟಿದ್ದು ಚೆನ್ನಾಗಿದೆ ಆಂಟಿ ಎಂದ. ಯಾವ ಮಾತ್ರೆ, ಎಷ್ಟು ಎಂದು ಬರೆದು ಕಳಿಸಿದ. ಆಮೇಲೆ ಒಂದು ಮಾತು ಒತ್ತಿ ಹೇಳಿದ. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತದೆ, ಅದರ ಇಂಜೆಕ್ಷನ್, ಟಿಟಿ, ಆಗಿದೆಯೋ ಇಲ್ಲವೋ ಕೇಳಿ, ಆಗಿರದಿದ್ದರೆ ಇವತ್ತೇ ಯಾರನ್ನಾದರೂ ಕಳಿಸುತ್ತೇನೆ ಎಂದ.

ಬುಡನ್ ಸಾಬ್ರು ಆಗ ತಾನೇ ಮೊದಲನೇ ಬಸ್ಸಿಗೆ ಭದ್ರಾವತಿಯಿಂದ ಬಂದು ಮೋತಿಗೆ ಹುರುಳಿ ತಿನ್ನಿಸುತ್ತಿದ್ದರು. ನಾನು ಫೋನು ಕಿವಿಗೆ ಹಿಡಿದುಕೊಂಡೇ ಬಾಗಿಲಿನಿಂದ ಕೇಳಿದೆ. "ಸಾಬ್ರೇ, ಟಿಟಿ ಆಯ್ತಾ?"

ಅವರು ತಿರುಗಿ ನೋಡಿದರು. ಮುಖ ಅರಳಿತು. "ಆಯ್ತು ಸಿಸ್ಟರಮ್ಮ. ನಿನ್ನೆ ಮಧ್ಯಾಹ್ನಾನೇ ಆಯ್ತು."

ನಾನು ಮುಹೂರ್ತಕ್ಕೆ ಹೋಗಿದ್ದ ಹೊತ್ತಿನಲ್ಲಿ ಯಾರನ್ನೋ ಕರೆಸಿ ಹಾಕಿಸಿರಬೇಕು, ಮನುಷ್ಯ ಚುರುಕಾಗಿದ್ದಾರೆ ಎಂದುಕೊಂಡೆ. ಆಗಿದೆಯಂತೆ ಕಣಪ್ಪ ಎಂದು ಡಾಕ್ಟರಿಗೆ ಹೇಳಿದೆ. ಹಾಗಾದರೆ ಹೆದರಿಕೆಯಿಲ್ಲ ಎಂದು ಅವನು ಫೋನ್ ಇಟ್ಟ.

ಒಂದು ವಾರ ಮೋತಿ ನನ್ನ ಶೆಡ್ಡಿನಲ್ಲಿತ್ತು. ಮಾತ್ರೆಗಳನ್ನು ಪುಡಿ ಮಾಡಿ ಬೆಲ್ಲ, ಹುರುಳಿಯಲ್ಲಿ ಕಲಸಿ ಕೊಡುತ್ತಿದ್ದೆ. ಸ್ಟೀಲ್ ಡಬ್ಬದ ಸದ್ದು ಕೇಳಿದರೆ ಸಾಕು, ಮೂಗಿನಲ್ಲೇ ಕರೆಯುತ್ತಿತ್ತು. ಪಕ್ಕದ ಮನೆಯ ಸುಮಿತ್ರ ಮೊದಲ ದಿನ, "ಇದೇನೇ ಮಾರಾಯ್ತಿ, ರಿಟೈರ್ ಆದ್ಮೇಲೆ ಲಾಯ ಇಟ್ಟಿದ್ದೀಯ" ಎಂದು ವಾಸನೆಗೆ ಮೂಗು ಮುಚ್ಚಿಕೊಂಡಳು. ನಾಲ್ಕನೆಯ ದಿನ ಅವಳೇ ಬಕೆಟ್ ತಂದು ಗುಲಾಬಿ ಗಿಡಕ್ಕೆ ಲದ್ದಿ ಒಯ್ದಳು. ನಾನು ದಿನ ಬಿಟ್ಟು ದಿನ ಕಟ್ಟು ಬಿಚ್ಚಿ, ತೊಳೆದು, ಮತ್ತೆ ಕಟ್ಟುತ್ತಿದ್ದೆ. ನೊಣ ಕೂರದ ಹಾಗೆ ಸುತ್ತ ಬೇವಿನೆಣ್ಣೆ ಸವರುತ್ತಿದ್ದೆ. ಗಾಯದ ತಳದಿಂದ ಕೆಂಪಗೆ ಹೊಸ ಮಾಂಸ ಬರತೊಡಗಿತು. ಅದರ ಫೋಟೋ ತೆಗೆದು ನನ್ನ ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಎಂಟನೆಯ ದಿನ ಮೋತಿಯನ್ನು ಗೂಡ್ಸ್ ಗಾಡಿಯಲ್ಲಿ ಭದ್ರಾವತಿಗೆ ಕಳಿಸಿದೆವು. ಹತ್ತನೆಯ ದಿನ ನಾನೇ ಬಸ್ಸಿನಲ್ಲಿ ಹೋಗಿ ಡ್ರೆಸ್ಸಿಂಗ್ ಮಾಡಿ ಬಂದೆ. ಅವರ ಮನೆ ಒಂದು ಓಣಿಯ ಕೊನೆಯಲ್ಲಿ. ಪಕ್ಕದಲ್ಲೇ ತಗಡಿನ ಲಾಯ, ಅದಕ್ಕೆ ಅಂಟಿಕೊಂಡ ಹಾಗೆ ಕಾರುಗಳ ತಗಡು ಬಡಿದು ಸರಿಮಾಡುವ ಸೆಲ್ವಂ ಎಂಬವರ ಟಿಂಕರಿಂಗ್ ಅಂಗಡಿ. ಬುಡನ್ ಸಾಬ್ರ ಹೆಂಡತಿ ಜೈಬೂನ್ ನನಗೆ ಊಟ ಮಾಡಿಸದೆ ಬಿಡಲಿಲ್ಲ. ಊರಿನ ದೊಡ್ಡ ಡಾಕ್ಟರಿಗೆ ಬಡಿಸುವಂತೆ ಬಡಿಸಿದರು. ಅಷ್ಟೊಂದು ಮರ್ಯಾದೆ ಯಾಕೆಂದು ನಾನು ಯೋಚಿಸಲಿಲ್ಲ. ಕುದುರೆಯ ಕಾಲು ಉಳಿಸಿದ್ದೇನಲ್ಲ ಎಂದುಕೊಂಡೆ.

ಹನ್ನೆರಡನೆಯ ದಿನ ಬೆಳಿಗ್ಗೆ ಬುಡನ್ ಸಾಬ್ರ ಫೋನು ಬಂತು. ಮೋತಿ ಹುಲ್ಲು ಜಗಿಯುತ್ತಿಲ್ಲ, ಬಾಯಿ ಬಿಗಿ ಹಿಡಿದುಕೊಂಡಿದೆ ಎಂದರು. ಡಾಕ್ಟರು ಅಷ್ಟರಲ್ಲಿ ಊರಿಗೆ ಬಂದಿದ್ದ. ಅವನಿಗೆ ಹೇಳಿ ನಾನು ಮೊದಲೇ ಹೊರಟೆ.

ಲಾಯದಲ್ಲಿ ಮೋತಿ ನಾಲ್ಕೂ ಕಾಲು ಅಗಲಿಸಿ ಮರದ ಕುದುರೆಯ ಹಾಗೆ ನಿಂತಿತ್ತು. ಬಾಲ ಸೆಟೆದಿತ್ತು. ಕಿವಿ ನೆಟ್ಟಗಾಗಿ ಅಲುಗುತ್ತಿರಲಿಲ್ಲ. ಅಂಗಡಿಯಲ್ಲಿ ಸೆಲ್ವಂ ತಗಡಿಗೆ ಒಂದು ಏಟು ಹಾಕಿದರೆ ಇದರ ಮೈಯೆಲ್ಲ ಅದುರಿ ಬಿಗಿದುಕೊಳ್ಳುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನುಷ್ಯರಲ್ಲಿ ನಾನು ಇದನ್ನು ನೋಡಿದ್ದೆ. ಒಮ್ಮೆ ನೋಡಿದವರು ಮರೆಯುವ ಕಾಯಿಲೆಯಲ್ಲ ಅದು. ಆದರೆ ಟಿಟಿ ಆಗಿದೆಯಲ್ಲ, ಆಗಿದೆಯಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಿಂತೆ.

ಡಾಕ್ಟರು ಬಂದು ಕುದುರೆಯ ಗಲ್ಲ ಎತ್ತಿ ಕಣ್ಣು ನೋಡಿದ. ನನ್ನ ಕಡೆ ತಿರುಗಿ, "ಆಂಟಿ, ಟಿಟಿ ಆಗಿದೆ ಅಂದಿದ್ರಲ್ಲ?" ಎಂದ.

"ಹೌದಪ್ಪ, ಇವರೇ ಹೇಳಿದ್ದು," ಎಂದು ನಾನು ಬುಡನ್ ಸಾಬ್ರ ಕಡೆ ಬೆರಳು ತೋರಿಸಿದೆ.

ಯಾರು ಕೊಟ್ಟರು, ಎಲ್ಲಿಗೆ ಕೊಟ್ಟರು ಎಂದು ಡಾಕ್ಟರು ಕೇಳಿದ. ಬುಡನ್ ಸಾಬ್ರು ಅಂಗಿಯ ತೋಳು ಮೇಲೆತ್ತಿ ತಮ್ಮ ಎಡ ರಟ್ಟೆಯನ್ನು ತೋರಿಸಿದರು. "ಇಲ್ಲಿಗೆ ಸಾರ್. ವಿದ್ಯಾನಗರದಲ್ಲೇ ಒಂದು ಕ್ಲಿನಿಕ್ಕಲ್ಲಿ."

ನಡೆದದ್ದು ಏನೆಂದು ಆಗ ತಿಳಿಯಿತು. ತಂತಿ ಬಿಡಿಸುವಾಗ ಅವರ ಬಲಗೈ ಸೀಳಿಹೋಗಿತ್ತು. ನಾನು ಮುಹೂರ್ತಕ್ಕೆ ಹೋದಾಗ ಅವರು ಒಬ್ಬರೇ ಹೋಗಿ ಅದಕ್ಕೆ ಕಟ್ಟು ಹಾಕಿಸಿ ಇಂಜೆಕ್ಷನ್ ತೆಗೆದುಕೊಂಡು ಬಂದಿದ್ದರು. ಆ ಕೈಗೆ ಸುತ್ತಿದ್ದ ಬಟ್ಟೆಯನ್ನು ದಿನಾ ಕಂಡೂ, ಕುದುರೆಯ ಹಗ್ಗ ಹಿಡಿಯಲು ಸುತ್ತಿಕೊಂಡದ್ದು ಎಂದುಕೊಂಡಿದ್ದೆ ನಾನು. ನಮ್ಮ ಮಾತಿನಲ್ಲಿ ಊಟ ಆಯ್ತಾ, ಸ್ನಾನ ಆಯ್ತಾ ಎಂದರೆ ಸಾಕು, ಯಾರಿಗೆ ಎಂದು ಹೇಳಬೇಕಾಗಿಲ್ಲ. ಎದುರಿಗಿರುವವರು ತಮಗೇ ಎಂದುಕೊಳ್ಳುತ್ತಾರೆ. ಅವರೂ ಹಾಗೇ ಅಂದುಕೊಂಡಿದ್ದರು. 'ಮೋತಿಗೆ' ಎಂಬ ಒಂದು ಮಾತು ನಾನು ಸೇರಿಸಿರಲಿಲ್ಲ.

ಡಾಕ್ಟರು ಇನ್ನೂ ಹುಡುಗ, ಸಿಟ್ಟು ತಡೆಯಲಿಲ್ಲ. ಕುದುರೆ ಸಾಕುವವರಿಗೆ ಇಷ್ಟು ತಿಳಿಯುವುದಿಲ್ಲವೇ, ಇಷ್ಟು ವರ್ಷ ಏನು ಕಲಿತಿರಿ ಎಂದು ಬುಡನ್ ಸಾಬ್ರಿಗೆ ಬಾಯಿಗೆ ಬಂದ ಹಾಗೆ ಬಯ್ದ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ತಪ್ಪು ಅವರದಲ್ಲಪ್ಪ, ಕೇಳಿದವಳು ನಾನು, ಕೇಳಿದ್ದು ಸರಿಯಿರಲಿಲ್ಲ ಎಂದು ನಾನು ಆಗಲೇ ಹೇಳಬೇಕಿತ್ತು. ಇಡೀ ಜನ್ಮ ಜೋರು ಮಾತಾಡಿದವಳು ಅವತ್ತು ಸುಮ್ಮನಿದ್ದೆ.

ಮೂರು ದಿನ ಪ್ರಯತ್ನ ನಡೆಯಿತು. ಡಾಕ್ಟರು ಇಂಜೆಕ್ಷನ್ನು, ಡ್ರಿಪ್ಪು ಎಲ್ಲ ಹಾಕಿದ. ಲಾಯಕ್ಕೆ ಕಪ್ಪು ಬಟ್ಟೆ ಕಟ್ಟಿ ಕತ್ತಲು ಮಾಡಿದೆವು. ಮೋತಿಯ ಕಿವಿಗೆ ಹತ್ತಿ ಇಟ್ಟೆವು. ಸದ್ದೇ ಆಗಬಾರದು ಎಂದು ಡಾಕ್ಟರು ಹೇಳಿದ್ದನ್ನು ಸೆಲ್ವಂ ಕೇಳಿಸಿಕೊಂಡಿದ್ದರು. ಒಂದು ಮಾತೂ ಆಡದೆ ಸುತ್ತಿಗೆ ಕೆಳಗಿಟ್ಟು ಅಂಗಡಿ ಮುಚ್ಚಿದರು. ಅಂಗಡಿಯಲ್ಲಿ ಅರ್ಧ ಕೆಲಸವಾದ ಎರಡು ಕಾರು ಹಾಗೇ ನಿಂತವು. ಓಣಿಯವರು ಬೈಕುಗಳನ್ನು ದೂರದಲ್ಲೇ ನಿಲ್ಲಿಸಿ ತಳ್ಳಿಕೊಂಡು ಬರುತ್ತಿದ್ದರು. ಜೈಬೂನ್ ಪಾತ್ರೆ ತೊಳೆಯಲು ಬೇರೆ ಮನೆಗೆ ಹೋಗುತ್ತಿದ್ದರು. ಅಷ್ಟು ಜನ ಉಸಿರು ಹಿಡಿದು ಕಾಯ್ದರೂ ಮೋತಿ ಉಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಬುಡನ್ ಸಾಬ್ರು ಅದರ ಹಣೆ ಸವರುತ್ತಿದ್ದಾಗಲೇ ಪ್ರಾಣ ಬಿಟ್ಟಿತು.

ಮಣ್ಣು ಮಾಡಲು ಒಯ್ಯುವ ಮೊದಲು ಕಾಲಿನ ಕಟ್ಟನ್ನು ನಾನು ಬಿಚ್ಚಿದೆ. ಯಾಕೆ ಬಿಚ್ಚಿದೆನೋ ಗೊತ್ತಿಲ್ಲ, ಅಭ್ಯಾಸಬಲ ಇರಬೇಕು. ಗಾಯ ಬಹಳ ಚೆನ್ನಾಗಿ ಮಾಗುತ್ತ ಬಂದಿತ್ತು. ಒಂದು ಹನಿ ಕೀವಿರಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸ ನೋಡಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಮನೆಗೆ ಬಂದ ಮೇಲೆ ಎರಡು ವಾರ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಕೇಳುವಾಗ ತಪ್ಪಿದವಳು ನಾನೇ ಎಂದು ಹೇಳಿದೆ. ಅವನು, ಬಿಡಿ ಆಂಟಿ, ಆಗಿಹೋಯಿತು ಎಂದ. ಆದರೆ ಹೇಳಬೇಕಾದದ್ದು ಅವನಿಗಲ್ಲ ಎಂದು ನನಗೂ ಗೊತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಭದ್ರಾವತಿ ಬಸ್ಸು ಹತ್ತಿದೆ.

ಬುಡನ್ ಸಾಬ್ರು ಜಗಲಿಯ ಮೇಲೆ ಕೂತಿದ್ದರು. ಜೈಬೂನ್ ಟೀ ತಂದುಕೊಟ್ಟು ಬಾಗಿಲ ಬಳಿ ಕುಳಿತರು. ನಾನು ಟೀ ಲೋಟ ಕೆಳಗಿಟ್ಟು ಹೇಳಿಬಿಟ್ಟೆ. "ಸಾಬ್ರೇ, ಅವತ್ತು ನಾನು ಟಿಟಿ ಆಯ್ತಾ ಅಂತ ಕೇಳಿದ್ದು ಮೋತಿಗೆ. ನಿಮಗಲ್ಲ. ಡಾಕ್ಟರು ನಿಮ್ಮನ್ನ ಬಯ್ಯುವಾಗ್ಲೂ ನಾನು ಬಾಯಿ ಬಿಡ್ಲಿಲ್ಲ. ತಪ್ಪು ನಂದು."

ಅವರು ತಲೆ ಎತ್ತಲಿಲ್ಲ. "ಗೊತ್ತು ಸಿಸ್ಟರಮ್ಮ. ಡಾಕ್ಟರು ಕೇಳ್ದಾಗ್ಲೇ ಗೊತ್ತಾಯ್ತು," ಎಂದರು, ಅಷ್ಟೇ.

ಜೈಬೂನರಿಗೆ ಮಾತ್ರ ನನ್ನ ಮಾತು ಒಪ್ಪಿಗೆಯಾಗಲಿಲ್ಲ. ನಾನು ದುಃಖದಲ್ಲಿ ಏನೋ ಮರೆತು ಹೇಳುತ್ತಿದ್ದೇನೆ ಎಂದು ಅವರು ತಿಳಿದರು. "ಇಲ್ಲ ಸಿಸ್ಟರಮ್ಮ, ನೀವು ಕೇಳಿದ್ದು ಇವರ ಕೈಗೇ. ಅವತ್ತು ಮನೇಗೆ ಬಂದು ಊಟಕ್ಕೆ ಕೂತು ನಂಗೆ ಹೇಳಿದ್ರು. ಅಷ್ಟು ಜನ ಇದ್ರಂತೆ ಮದುವೇಲಿ, ಎಲ್ರೂ ಕುದುರೆ ಕಾಲು, ಕುದುರೆ ಕಾಲು ಅಂತಿದ್ರಂತೆ. ನನ್ ಕೈ ಕೇಳಿದ್ದು ಸಿಸ್ಟರಮ್ಮ ಒಬ್ರೇ ಅಂದ್ರು."

ಬುಡನ್ ಸಾಬ್ರು ತಮ್ಮ ಮನೆಮಾತಿನಲ್ಲಿ ಮೆಲ್ಲಗೆ ಏನೋ ಹೇಳಿ ಹೆಂಡತಿಯನ್ನು ಸುಮ್ಮನಿರಿಸಿದರು. ಮದುವೆಯ ಮಾರನೆಯ ದಿನ ಅವರ ಮುಖ ಅರಳಿದ್ದು ಯಾಕೆ, ಜೈಬೂನ್ ಅಷ್ಟು ಆದರದಿಂದ ಬಡಿಸಿದ್ದು ಯಾಕೆ ಎಂದು ಆಗ ಅರ್ಥವಾಯಿತು. ಆ ತಂತಿಯ ಮೇಲಿದ್ದ ರಕ್ತವೆಲ್ಲ ಮೋತಿಯದೇ ಎಂದುಕೊಂಡಿದ್ದವಳು ನಾನು.

ಕೈ ತೋರಿಸಿ ಎಂದೆ. ಅವರು ಸಂಕೋಚಪಟ್ಟರು. ನಾನೇ ಎದ್ದು ಹೋಗಿ ಅವರ ಬಲಗೈ ಹಿಡಿದು ತಿರುಗಿಸಿದೆ. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ತನಕ ಗಾಯ ಗಂಟುಗಂಟಾಗಿ ಕೂಡಿಕೊಂಡಿತ್ತು. ಉಂಗುರದ ಬೆರಳು, ಕಿರುಬೆರಳು ಎರಡೂ ಪೂರ್ತಿ ಬಿಚ್ಚುತ್ತಿರಲಿಲ್ಲ. ಕ್ಲಿನಿಕ್ಕಿನವರು ಮೂರು ದಿನಕ್ಕೊಮ್ಮೆ ಬನ್ನಿ ಎಂದಿದ್ದರಂತೆ. ಮೋತಿಯನ್ನು ಬಿಟ್ಟು ಹೋಗಲು ಮನಸ್ಸಾಗದೆ ಇವರು ಹೋಗಿರಲಿಲ್ಲ. ನಾನು ಕಾಲಿನ ಕಡೆ ಕೂತು ಹತ್ತಿ ಸುತ್ತುತ್ತಿದ್ದಾಗ, ಒದೆಯದ ಹಾಗೆ ಆ ಕುದುರೆಯ ತಲೆಯನ್ನು ಇವರು ಹಿಡಿದುಕೊಂಡಿದ್ದದ್ದು ಈ ಕೈಯಿಂದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಹುಣ್ಣು ಇನ್ನೊಬ್ಬರ ಅಂಗೈಯಲ್ಲಿದ್ದರೆ ಕನ್ನಡಿಯೂ ಸಾಲದು ಎಂದು ನನಗೆ ಅವತ್ತು ತಿಳಿಯಿತು.

"ನೋವಿದೆಯಾ?" ಎಂದೆ.

ಅವರು ನನ್ನ ಮುಖ ನೋಡಿದರು.

"ನಿಮ್ಮ ಕೈಯನ್ನೇ ಕೇಳ್ತಿರೋದು ಸಾಬ್ರೇ," ಎಂದೆ.

"ಬೆಳಗಿನ ಹೊತ್ತು ಸ್ವಲ್ಪ ಎಳೀತದೆ," ಎಂದರು.

ಈಗ ಅವರ ಹತ್ತಿರ ಕುದುರೆಯಿಲ್ಲ. ಇನ್ನೊಂದು ತರುವ ಮಾತೆತ್ತಿದರೆ ಬೇಡ ಎನ್ನುತ್ತಾರೆ. ಸೆಲ್ವಂ ಅಂಗಡಿಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಮೊದಲು ಉಜ್ಜುವ ಕೆಲಸ ಮಾಡುತ್ತಿದ್ದಾರೆ. ನಾನು ವಾರಕ್ಕೊಮ್ಮೆ ಹೋಗಿ ಬಿಸಿನೀರಿನಲ್ಲಿ ಕೈ ಇಡಿಸಿ ಬೆರಳುಗಳಿಗೆ ವ್ಯಾಯಾಮ ಮಾಡಿಸುತ್ತೇನೆ. ಉಂಗುರದ ಬೆರಳು ಸುಮಾರಾಗಿ ಬಿಚ್ಚಿದೆ, ಕಿರುಬೆರಳು ಬಿಚ್ಚಿಲ್ಲ. ನನ್ನನ್ನು ಕ್ಷಮಿಸಿದ್ದೀರಾ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಮೋತಿ ಸತ್ತದ್ದು ನನಗೆ ದುಃಖ. ಆದರೆ ಇವತ್ತಿಗೂ ನನ್ನನ್ನು ಸುಮ್ಮನೆ ಕೂರಲು ಬಿಡದಿರುವುದು ಬೇರೆಯೇ. ನಾನು ಕೇಳದೇ ಇದ್ದ ಒಂದು ಮಾತನ್ನು ಕೇಳಿದೆನೆಂದು ನಂಬಿ, ಆ ಮನುಷ್ಯ ಹತ್ತು ದಿನ ನನ್ನ ಬಗ್ಗೆ ಸಂತೋಷಪಟ್ಟಿದ್ದರು.